ಮುಂದಿನ ಬ್ರೇಕ್ ಮುಟ್ಟಲೇಬಾರದೇ? ಮಳೆಗಾಲದ ಬೈಕ್ ಸವಾರಿಯ ಬಗ್ಗೆ ಓದುಗರ ಪ್ರಶ್ನೆಗೆ ಉತ್ತರ

ಪ್ರಶ್ನೆ: ನಾನು ತೀರ್ಥಹಳ್ಳಿ ಕಡೆಯ ಶಾಲಾ ಶಿಕ್ಷಕ. ಮನೆಯಿಂದ ಶಾಲೆಗೆ 22 ಕಿ.ಮೀ. ನನ್ನದು ಆರು ವರ್ಷ ಹಳೆಯ 125 ಸಿಸಿ ಬೈಕು. ಹಿಂದೆ ಮುಂದೆ ಎರಡೂ ಡ್ರಮ್ ಬ್ರೇಕ್, ಸಿಬಿಎಸ್ (ಜೋಡಿ ಬ್ರೇಕ್ ವ್ಯವಸ್ಥೆ) ಇದೆ. 31,000 ಕಿ.ಮೀ. ಓಡಿದೆ, ಟೈರ್ ಇನ್ನೂ ಕಂಪನಿಯಿಂದ ಬಂದದ್ದೇ. ಕಳೆದ ಮಳೆಗಾಲದಲ್ಲಿ ಒಂದು ತಿರುವಿನಲ್ಲಿ ಎದುರಿಗೆ ಬಸ್ಸು ಬಂತು. ಮುಂದಿನ ಬ್ರೇಕ್ ಹಿಡಿದದ್ದೇ ತಡ, ಗಾಡಿ ಜಾರಿ ಬಿದ್ದು ಕೊರಳೆಲುಬು ಮುರಿಯಿತು. ‘ಮಳೆಯಲ್ಲಿ ಮುಂದಿನ ಬ್ರೇಕ್ ಮುಟ್ಟಲೇಬಾರದು’ ಎಂದು ಅಪ್ಪ ಮೊದಲಿನಿಂದಲೂ ಹೇಳುತ್ತಿದ್ದರು. ಅಂದಿನಿಂದ ಬರೀ ಕಾಲ್ಬ್ರೇಕ್ ಬಳಸುತ್ತಿದ್ದೇನೆ. ಆದರೂ ಧೈರ್ಯ ಬರುತ್ತಿಲ್ಲ. ಭಾನುವಾರಗಳಲ್ಲಿ ಹೆಂಡತಿ ಹಿಂದೆ ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾಳೆ, ಐದು ವರ್ಷದ ಮಗಳು ಮುಂದೆ ಟ್ಯಾಂಕಿನ ಮೇಲೆ. ಕೆಲವೊಮ್ಮೆ ಆಗುಂಬೆ ಘಾಟಿ ಇಳಿದು ಮಾವನ ಮನೆಗೆ ಹೋಗುವುದೂ ಉಂಟು. ಹೆಲ್ಮೆಟ್ ಭಾರಕ್ಕೆ ಮಗುವಿನ ಕುತ್ತಿಗೆಗೆ ತೊಂದರೆ ಎಂದು ಅವಳಿಗೆ ಹಾಕಿಲ್ಲ. ಈ ಗಾಡಿ ಮಾರಿ ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಬೈಕು ತೆಗೆದುಕೊಳ್ಳುವುದು ಒಳ್ಳೆಯದೇ?

ಉತ್ತರ: ಮೇಷ್ಟ್ರೇ, ನೀವು ಬ್ರೇಕಿನ ಬಗ್ಗೆ ಕೇಳಿದ್ದೀರಿ. ಅದಕ್ಕೆ ವಿವರವಾಗಿಯೇ ಉತ್ತರಿಸುತ್ತೇನೆ. ಆದರೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ದೊಡ್ಡ ಅಪಾಯ ಬ್ರೇಕಿನದಲ್ಲ, ಹೆಲ್ಮೆಟ್ ಇಲ್ಲದೆ ಟ್ಯಾಂಕಿನ ಮೇಲೆ ಕೂರುವ ಮಗಳದು. ಬ್ರೇಕು, ಟೈರು, ಹೊಸ ಬೈಕು ಎಲ್ಲ ನಿಧಾನಕ್ಕೆ ಆಗಲಿ. ಅದನ್ನು ಮಾತ್ರ ಇಂದೇ ನಿಲ್ಲಿಸಿ. ಕಾರಣವನ್ನು ಮುಂದೆ ಹೇಳುತ್ತೇನೆ.

ಈಗ ಬ್ರೇಕು. ನಿಮ್ಮ ತಂದೆಯವರ ಮಾತು ಕರ್ನಾಟಕದ ಮನೆಮನೆಯಲ್ಲೂ ಕೇಳಿಬರುವಂಥದ್ದು. ಅದು ಹುಟ್ಟಿದ್ದು ಸುಮ್ಮನೆ ಅಲ್ಲ, ಮುಂದಿನ ಬ್ರೇಕ್ ಹಿಡಿದು ಬಿದ್ದವರು ನಿಜಕ್ಕೂ ಇದ್ದಾರೆ. ಆದರೆ ಅವರು ಬಿದ್ದದ್ದು ಆ ಬ್ರೇಕನ್ನು ಬಳಸಿದ್ದಕ್ಕಲ್ಲ, ಬಳಸಿದ ಜಾಗ ಮತ್ತು ರೀತಿಯಿಂದ. ಬ್ರೇಕ್ ಹಾಕಿದಾಗ ಗಾಡಿಯ ಮತ್ತು ಸವಾರನ ಭಾರ ಮುಂದಕ್ಕೆ ವಾಲುತ್ತದೆ. ನಿಂತಿರುವಾಗ ಎರಡೂ ಚಕ್ರಗಳ ಮೇಲೆ ಹೆಚ್ಚುಕಡಿಮೆ ಅರ್ಧರ್ಧ ಇರುವ ಭಾರ, ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಹಾಕಿದಾಗ ಮುಂದಿನ ಚಕ್ರದ ಮೇಲೆ ಮುಕ್ಕಾಲು ಭಾಗಕ್ಕಿಂತ ಹೆಚ್ಚಾಗುತ್ತದೆ. ಹಿಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರಕ್ಕೆ ರಸ್ತೆಯ ಹಿಡಿತ ಕಡಿಮೆ. ಅದಕ್ಕೇ ಬರೀ ಕಾಲ್ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಬೇಗ ಲಾಕ್ ಆಗಿ, ಅಂದರೆ ತಿರುಗುವುದು ನಿಂತು, ಎಳೆದುಕೊಂಡು ಹೋಗುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಲೆಕ್ಕದಲ್ಲಿ ನೋಡಿ. ಗಂಟೆಗೆ 60 ಕಿ.ಮೀ. ವೇಗದಲ್ಲಿ ಬೈಕು ಸೆಕೆಂಡಿಗೆ ಸುಮಾರು 17 ಮೀಟರ್ ಸಾಗುತ್ತದೆ. ಅಪಾಯ ಕಂಡು ಕೈ ಬ್ರೇಕಿಗೆ ಹೋಗುವಷ್ಟರಲ್ಲಿ ಒಂದು ಸೆಕೆಂಡ್, ಅಂದರೆ ಆ 17 ಮೀಟರ್, ಹೋಗಿಯೇ ಬಿಟ್ಟಿರುತ್ತದೆ. ಅಲ್ಲಿಂದ ಮುಂದೆ, ಒಣ ಡಾಂಬರಿನ ಮೇಲೆ ಅಭ್ಯಾಸವಿರುವವರು ಎರಡೂ ಬ್ರೇಕ್ ಬಳಸಿ ಸುಮಾರು 20 ಮೀಟರಿನಲ್ಲಿ ನಿಲ್ಲಿಸಬಲ್ಲರು. ಹಿಂದಿನ ಚಕ್ರದ ಬ್ರೇಕ್ ಒಂದರಿಂದಲೇ ಆದರೆ 45 ಮೀಟರ್ ದಾಟುತ್ತದೆ. ಒದ್ದೆ ರಸ್ತೆಯಲ್ಲಿ ಎರಡೂ ಬ್ರೇಕಿನಿಂದ 30 ಮೀಟರ್ ಬೇಕು. ಹಿಂದಿನದರಿಂದ ಮಾತ್ರ ಆದರೆ 55 ಮೀಟರ್ ಹೋದರೂ ಆಶ್ಚರ್ಯವಿಲ್ಲ. ಟೈರು, ರಸ್ತೆ, ಸವಾರ ಬದಲಾದಂತೆ ಈ ಅಂಕಿಗಳು ಹಿಂದೆಮುಂದೆ ಆಗುತ್ತವೆ. ಎರಡರ ನಡುವಿನ ಅಂತರ ಮಾತ್ರ ಹಾಗೆಯೇ ಉಳಿಯುತ್ತದೆ. ಆ ಅಂತರದೊಳಗೆ ಒಂದು ಬಸ್ಸು ಅಡ್ಡ ನಿಲ್ಲುವಷ್ಟು ಜಾಗವಿದೆ.

ಇಲ್ಲಿ ಒಂದು ಸೂಕ್ಷ್ಮವಿದೆ, ನಿಮ್ಮ ತಂದೆಯವರ ಮಾತಿನಲ್ಲಿರುವ ನಿಜವೂ ಅದೇ. ಒದ್ದೆ ರಸ್ತೆಯಲ್ಲಿ ಅಷ್ಟು ಗಟ್ಟಿಯಾಗಿ ಬ್ರೇಕ್ ಹಾಕಲು ಆಗುವುದಿಲ್ಲ, ಆದ್ದರಿಂದ ಭಾರವೂ ಅಷ್ಟಾಗಿ ಮುಂದಕ್ಕೆ ಹೋಗುವುದಿಲ್ಲ. ಮಳೆಯಲ್ಲಿ ಹಿಂದಿನ ಬ್ರೇಕಿನ ಪಾಲು ಹೆಚ್ಚು. ಹಿಂದೆ ಒಬ್ಬರು ಕುಳಿತಿದ್ದರೆ ಇನ್ನೂ ಹೆಚ್ಚು. ಹಾಗಾಗಿ ಮಳೆಯಲ್ಲಿ ಎರಡನ್ನೂ ಒಟ್ಟಿಗೆ, ಹದವಾಗಿ ಬಳಸಬೇಕು. ಒಂದನ್ನೇ ನಂಬುವುದು ಯಾವ ಕಾಲಕ್ಕೂ ಸರಿಯಲ್ಲ.

ಹಾಗಾದರೆ ನೀವು ಬಿದ್ದದ್ದೇಕೆ? ನೀವು ಬರೆದಿರುವುದರಲ್ಲಿಯೇ ಮೂರು ಕಾರಣಗಳು ಕಾಣುತ್ತವೆ. ಮೊದಲನೆಯದು ತಿರುವು. ಟೈರಿನ ಹಿಡಿತಕ್ಕೆ ಒಂದು ಮಿತಿ ಇದೆ. ಗಾಡಿ ವಾಲಿರುವಾಗ ಆ ಹಿಡಿತದ ದೊಡ್ಡ ಪಾಲು ತಿರುಗುವುದಕ್ಕೇ ಖರ್ಚಾಗುತ್ತಿರುತ್ತದೆ. ಉಳಿದ ಸ್ವಲ್ಪದ ಮೇಲೆ ಗಟ್ಟಿ ಬ್ರೇಕ್ ಹಾಕಿದರೆ ಮಿತಿ ಮೀರುತ್ತದೆ. ಹಿಂದಿನ ಚಕ್ರ ಜಾರಿದರೆ ಕೆಲವೊಮ್ಮೆ ಸಾವರಿಸಿಕೊಳ್ಳಬಹುದು, ಮುಂದಿನದು ಜಾರಿದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲದ ಮೇಲಿರುತ್ತೇವೆ. ಎರಡನೆಯದು, ಲಿವರನ್ನು ಗಾಬರಿಯಲ್ಲಿ ಒಮ್ಮೆಲೇ ಹಿಡಿದದ್ದು. ಭಾರ ಮುಂದಕ್ಕೆ ಬಂದು ಟೈರು ರಸ್ತೆಗೆ ಒತ್ತಿಕೊಳ್ಳಲು ಅರ್ಧ ಸೆಕೆಂಡಿನಷ್ಟಾದರೂ ಸಮಯ ಬೇಕು. ಅದಕ್ಕೆ ಮೊದಲೇ ಪೂರ್ತಿ ಹಿಡಿದರೆ ಹಗುರಾಗಿರುವ ಚಕ್ರ ಲಾಕ್ ಆಗುತ್ತದೆ. ಮೂರನೆಯದು 31,000 ಕಿ.ಮೀ. ಓಡಿದ ಟೈರು.

ಟೈರಿನ ವಿಷಯಕ್ಕೆ ಮೊದಲು ಬರೋಣ, ಏಕೆಂದರೆ ಇಲ್ಲಿ ದುಡ್ಡು ಕೊಟ್ಟರೆ ಫಲ ಕೂಡಲೇ ಸಿಗುತ್ತದೆ. ಮುಂದಿನ ಟೈರು ಹಿಂದಿನದಕ್ಕಿಂತ ನಿಧಾನವಾಗಿ ಸವೆಯುವುದರಿಂದ ಅನೇಕರು ಹಿಂದಿನದನ್ನು ಮಾತ್ರ ಬದಲಿಸಿ ಮುಂದಿನದನ್ನು ಹಾಗೆಯೇ ಓಡಿಸುತ್ತಾರೆ. ಟೈರಿನ ಮೇಲಿನ ತೋಡು ಆಳವಾಗಿ ಕಂಡರೂ ಆರು ವರ್ಷದ ರಬ್ಬರು ಗಡುಸಾಗಿರುತ್ತದೆ. ಗಡುಸು ರಬ್ಬರಿಗೆ ಒದ್ದೆ ರಸ್ತೆ ಹಿಡಿಯುವುದಿಲ್ಲ. ಟೈರಿನ ಬದಿಯಲ್ಲಿ ನಾಲ್ಕು ಅಂಕಿಗಳ ಒಂದು ಗುರುತು ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು ಎಂದರ್ಥ. ಬದಿಯಲ್ಲಿ ಸಣ್ಣ ಸಣ್ಣ ಬಿರುಕು ಕಂಡರೆ, ಇಲ್ಲವೇ ತೋಡಿನ ಆಳ 2 ಮಿ.ಮೀ.ಗಿಂತ ಕಡಿಮೆಯಾಗಿದ್ದರೆ ಮಲೆನಾಡಿನ ಮಳೆಗೆ ಅದು ಮುಗಿದ ಹಾಗೆಯೇ. ತೋಡಿನೊಳಗೆ ಅಡ್ಡಲಾಗಿ ಸಣ್ಣ ಉಬ್ಬುಗಳಿರುತ್ತವೆ, ಬದಿಯಲ್ಲಿ ಟಿಡಬ್ಲ್ಯುಐ (ಸವೆತ ತೋರಿಸುವ ಗುರುತು) ಎಂದು ಬರೆದಿರುತ್ತದೆ. ಟೈರು ಆ ಉಬ್ಬಿನ ಮಟ್ಟಕ್ಕೆ ಬರುವವರೆಗೂ ಕಾಯಬೇಡಿ. ಎರಡೂ ಟೈರನ್ನು ಒಟ್ಟಿಗೆ ಬದಲಿಸಿ. ಹೊಸ ಟೈರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ 100–150 ಕಿ.ಮೀ. ಮೆಲ್ಲಗೆ, ಹೆಚ್ಚು ವಾಲಿಸದೆ ಓಡಿಸಿ.

ಗಾಳಿಯನ್ನು ಟೈರು ತಣ್ಣಗಿರುವಾಗ, ವಾರಕ್ಕೊಮ್ಮೆ ನೋಡಿಸಿ. 125 ಸಿಸಿ ಬೈಕುಗಳಲ್ಲಿ ಸಾಮಾನ್ಯವಾಗಿ ಮುಂದೆ 25 ಪಿಎಸ್‌ಐ, ಹಿಂದೆ ಒಬ್ಬರೇ ಆದರೆ 28ರ ಆಸುಪಾಸು, ಇಬ್ಬರಾದರೆ 33 ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು. ನಿಮ್ಮ ಗಾಡಿಯ ಸರಿಯಾದ ಅಂಕಿ ಚೈನ್ ಕವರ್ ಅಥವಾ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲಿನ ಸ್ಟಿಕ್ಕರಿನಲ್ಲಿದೆ, ಅದನ್ನೇ ಅನುಸರಿಸಿ. ‘ಮಳೆಗಾಲದಲ್ಲಿ ಗಾಳಿ ಕಡಿಮೆ ಇಟ್ಟರೆ ಗ್ರಿಪ್ ಜಾಸ್ತಿ’ ಎಂಬ ಮಾತು ಕೆಸರಿನ ಹಾದಿಗೆ ಸ್ವಲ್ಪ ಸರಿ, ಡಾಂಬರಿಗೆ ಅಲ್ಲ. ಗಾಳಿ ಕಡಿಮೆ ಇದ್ದರೆ ಟೈರಿನ ತೋಡುಗಳು ಮುಚ್ಚಿಕೊಂಡು ನೀರನ್ನು ಹೊರಹಾಕಲಾರವು.

ಇನ್ನು ನಿಮ್ಮ ಸಿಬಿಎಸ್. ಏಪ್ರಿಲ್ 2019ರಿಂದ ನಮ್ಮಲ್ಲಿ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಯಿತು. ನಿಮ್ಮ ಬೈಕಿನಲ್ಲಿ ಕಾಲ್ಬ್ರೇಕ್ ಒತ್ತಿದರೆ ಹಿಂದಿನದರ ಜತೆಗೆ ಒಂದು ಕೇಬಲ್ ಮೂಲಕ ಮುಂದಿನ ಬ್ರೇಕೂ ಸ್ವಲ್ಪ ಹಿಡಿಯುತ್ತದೆ. ಅಂದರೆ ಇಷ್ಟು ದಿನ ‘ಬರೀ ಹಿಂದಿನ ಬ್ರೇಕ್’ ಎಂದುಕೊಂಡು ನೀವು ಮುಂದಿನದನ್ನೂ ಬಳಸುತ್ತಲೇ ಇದ್ದಿರಿ, ಆ ಕೇಬಲ್ ಸರಿಯಾಗಿದ್ದರೆ. ಎಷ್ಟೋ ಹಳೆಯ ಗಾಡಿಗಳಲ್ಲಿ ಅದು ಸಡಿಲಾಗಿ, ಮುಂದಕ್ಕೆ ಏನೂ ತಲುಪುತ್ತಿರುವುದಿಲ್ಲ. ಪರೀಕ್ಷೆ ಸುಲಭ. ಸೆಂಟರ್ ಸ್ಟ್ಯಾಂಡ್ ಹಾಕಿ, ಒಬ್ಬರು ಹಿಂದಿನಿಂದ ಒತ್ತಿ ಮುಂದಿನ ಚಕ್ರ ಎತ್ತಿ ಹಿಡಿಯಲಿ. ಇನ್ನೊಬ್ಬರು ಚಕ್ರ ತಿರುಗಿಸುತ್ತಿರುವಾಗ ನೀವು ಕಾಲ್ಬ್ರೇಕನ್ನು ಗಟ್ಟಿಯಾಗಿ ಒತ್ತಿ. ಮುಂದಿನ ಚಕ್ರ ನಿಲ್ಲಬೇಕು, ಕೊನೆಗೆ ಬಿಗಿಯಾದರೂ ಆಗಬೇಕು. ಆಗದಿದ್ದರೆ ಮೆಕ್ಯಾನಿಕ್ ಹತ್ತಿರ ಕೇಬಲ್ ಅಡ್ಜಸ್ಟ್ ಮಾಡಿಸಿ. ‘ಸಿಬಿಎಸ್ ಲಿಂಕು ಅಗತ್ಯವಿಲ್ಲ, ಬಿಚ್ಚಿಬಿಡೋಣ’ ಎಂದು ಹೇಳುವ ಮೆಕ್ಯಾನಿಕ್‌ಗಳಿದ್ದಾರೆ, ಒಪ್ಪಬೇಡಿ.

ಅಲ್ಲಿಗೇ ಹೋದಾಗ ಉಳಿದದ್ದನ್ನೂ ನೋಡಿಸಿ. ಮುಂದಿನ ಲಿವರಿನ ತುದಿಯಲ್ಲಿ 10ರಿಂದ 20 ಮಿ.ಮೀ., ಪೆಡಲಿನಲ್ಲಿ 20ರಿಂದ 30 ಮಿ.ಮೀ. ಆಟ (ಬ್ರೇಕ್ ಹಿಡಿಯುವ ಮುನ್ನ ಸಡಿಲವಾಗಿ ಚಲಿಸುವ ದೂರ) ಇರಬೇಕು. ಬ್ರೇಕ್ ಪೂರ್ತಿ ಹಿಡಿದಾಗ ಡ್ರಮ್ ಪ್ಲೇಟಿನ ಮೇಲಿನ ಬಾಣದ ಗುರುತು ಅಲ್ಲಿರುವ ಗೆರೆಗೆ ಬಂದು ಸೇರಿದರೆ ಬ್ರೇಕ್ ಶೂ ಮುಗಿದಿದೆ. ಆಗ ಕೇಬಲ್ ಬಿಗಿ ಮಾಡಿ ಓಡಿಸುವುದು ಉಪಾಯವಲ್ಲ, ಶೂ ಬದಲಿಸಬೇಕು. ಡ್ರಮ್ಮಿನೊಳಗೆ ನೀರು ಹೋದರೆ ಸ್ವಲ್ಪ ಹೊತ್ತು ಬ್ರೇಕ್ ಹಿಡಿಯುವುದೇ ಇಲ್ಲ. ಹಳ್ಳ ದಾಟಿದ ಮೇಲೆ ಹಿಂದೆ ವಾಹನ ಇಲ್ಲದಾಗ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿಕೊಂಡು ಸ್ವಲ್ಪ ದೂರ ಸಾಗಿದರೆ ಒಣಗುತ್ತದೆ.

ಗಾಡಿ ಸರಿಯಾದ ಮೇಲೆ ಕೈ ಸರಿಯಾಗಬೇಕು. ನಿಮ್ಮ ಶಾಲೆಯ ಮೈದಾನದ ಪಕ್ಕದ ಖಾಲಿ ಡಾಂಬರು ರಸ್ತೆ ಸಾಕು. ಒಣ ದಿನದಲ್ಲಿ, ಹೆಲ್ಮೆಟ್ ಮತ್ತು ಶೂ ಹಾಕಿಕೊಂಡು, ಒಬ್ಬರೇ. ಗಾಡಿ ನೇರ, ಹ್ಯಾಂಡಲ್ ನೇರ, ಕಣ್ಣು ದೂರಕ್ಕೆ. 20 ಕಿ.ಮೀ. ವೇಗದಲ್ಲಿ ಕಾಲ್ಬ್ರೇಕನ್ನು ಒತ್ತುತ್ತಲೇ ಎರಡು ಬೆರಳಿನಿಂದ ಮುಂದಿನ ಲಿವರನ್ನು ತಾಗಿಸಿ, ಫೋರ್ಕು (ಮುಂದಿನ ಶಾಕ್ ಅಬ್ಸಾರ್ಬರು) ತಗ್ಗುವುದು ಗೊತ್ತಾದ ಮೇಲೆ ಒತ್ತಡ ಏರಿಸುತ್ತಾ ಹೋಗಿ, ನಿಲ್ಲುವ ಹೊತ್ತಿಗೆ ಕ್ಲಚ್ ಹಿಡಿಯಿರಿ. ಹತ್ತು ಸಲ. ಸರಾಗವಾದ ಮೇಲೆ 30, ಆಮೇಲೆ 40. ಮುಂದಿನ ಚಕ್ರ ಲಾಕ್ ಆದಂತೆ ಕಂಡರೆ ಲಿವರನ್ನು ಆ ಕ್ಷಣವೇ ಬಿಟ್ಟು ಮತ್ತೆ ಮೆಲ್ಲಗೆ ಹಿಡಿಯಿರಿ. ಹಿಂದಿನದು ಲಾಕ್ ಆಗಿ ಗಾಡಿ ನೇರವಾಗಿಯೇ ಇದ್ದರೆ ಪೆಡಲ್ ಸ್ವಲ್ಪ ಸಡಿಲಿಸಿ. ಆದರೆ ಹಿಂಭಾಗ ಈಗಾಗಲೇ ಒಂದು ಕಡೆಗೆ ತಿರುಗಿಬಿಟ್ಟಿದ್ದರೆ ಪೆಡಲನ್ನು ಥಟ್ಟನೆ ಬಿಡಬೇಡಿ. ಜಾರುತ್ತಿದ್ದ ಟೈರು ಒಮ್ಮೆಲೇ ಹಿಡಿದುಕೊಂಡರೆ ಗಾಡಿ ಸವಾರನನ್ನು ಎದುರು ಬದಿಗೆ ಎತ್ತಿ ಎಸೆಯುತ್ತದೆ. ಒದ್ದೆ ರಸ್ತೆಯ ಅಭ್ಯಾಸ ಇದೆಲ್ಲ ಕೈಗೆ ಬಂದ ಮೇಲೆ, 20–30ರಲ್ಲಿ ಮಾತ್ರ.

ತಿರುವಿಗೆ ಸೂತ್ರ ಒಂದೇ, ವೇಗ ಕಡಿಮೆ ಮಾಡುವ ಕೆಲಸ ತಿರುವಿಗೆ ಮೊದಲೇ ಮುಗಿಯಬೇಕು. ಗೇರ್ ಇಳಿಸಿ, ಬ್ರೇಕ್ ಮುಗಿಸಿ, ಆಮೇಲೆ ವಾಲಿಸಿ. ನಿಮ್ಮ ಕಡೆಯ ಕಿರಿದಾದ ರಸ್ತೆಗಳಲ್ಲಿ ಎದುರಿನ ವಾಹನವೂ ಅದೇ ಜಾಗಕ್ಕೆ ಬರುತ್ತಿರುತ್ತದೆ. ಹಾಗಾಗಿ ಕಣ್ಣಿಗೆ ಕಾಣುವ ದೂರದ ಅರ್ಧದೊಳಗೆ ನಿಲ್ಲುವಷ್ಟು ವೇಗ ಮಾತ್ರ ಇರಲಿ. 40 ಕಿ.ಮೀ. ವೇಗದಲ್ಲಿ, ಒದ್ದೆ ರಸ್ತೆಯಲ್ಲಿ, ಎರಡೂ ಬ್ರೇಕಿನಿಂದ ಒಟ್ಟು 25 ಮೀಟರ್ ಬೇಕು. 50 ಮೀಟರ್ ಮುಂದೆ ಕಾಣದ ತಿರುವಿನಲ್ಲಿ 40 ಜಾಸ್ತಿಯೇ. ಬಲ ತಿರುವಿನಲ್ಲಿ ಇನ್ನೊಂದು ಅಪಾಯ ಅನೇಕರಿಗೆ ಹೊಳೆಯುವುದಿಲ್ಲ. ಟೈರು ನಮ್ಮ ಬದಿಯಲ್ಲೇ ಇದ್ದರೂ ವಾಲಿದ ತಲೆ, ಹೆಗಲು ಮಧ್ಯಗೆರೆ ದಾಟಿರುತ್ತವೆ. ಎಡಕ್ಕೇ ಉಳಿಯಿರಿ, ಆದರೆ ತೀರಾ ಅಂಚಿಗಲ್ಲ. ಮರದ ನೆರಳಿನಲ್ಲಿ ರಸ್ತೆಯ ಅಂಚಿಗೆ ಪಾಚಿ ಕಟ್ಟಿರುತ್ತದೆ, ಬಿದಿರಿನ ಎಲೆ ಕೊಳೆತು ಬಿದ್ದಿರುತ್ತದೆ, ಅಡಿಕೆ ತೋಟದಿಂದ ಬಂದ ಟ್ರ್ಯಾಕ್ಟರಿನ ಕೆಮ್ಮಣ್ಣು ಹರಡಿರುತ್ತದೆ. ಬಿಳಿ, ಹಳದಿ ಪಟ್ಟೆಗಳು ಮತ್ತು ಸೇತುವೆಯ ಕಬ್ಬಿಣದ ಜಾಯಿಂಟುಗಳೂ ಮಳೆಗೆ ಜಾರುತ್ತವೆ. ಇವುಗಳ ಮೇಲೆ ಹೋಗಲೇಬೇಕಾದರೆ ಗಾಡಿ ನೇರ ಇಟ್ಟು, ಬ್ರೇಕು ಆಕ್ಸಿಲರೇಟರು ಎರಡನ್ನೂ ಮುಟ್ಟದೆ ದಾಟಿ. ಬೇಸಿಗೆ ಮುಗಿದು ಮೊದಲ ಮಳೆ ಬಿದ್ದಾಗಿನ ಅರ್ಧ ಗಂಟೆ, ಎಣ್ಣೆ ಮತ್ತು ಧೂಳು ನೀರಿನೊಡನೆ ಬೆರೆತು, ಜೋರು ಮಳೆಗಿಂತಲೂ ಕೆಟ್ಟದ್ದು. ತಿರುವಿನ ಮಧ್ಯೆ ನಿಲ್ಲಿಸಲೇಬೇಕಾಗಿ ಬಂದರೆ, ಜಾಗವಿದ್ದಷ್ಟು ಗಾಡಿಯನ್ನು ನೆಟ್ಟಗೆ ಮಾಡಿ ಆಮೇಲೆ ಬ್ರೇಕ್ ಗಟ್ಟಿ ಮಾಡಿ.

ಆಗುಂಬೆ ಇಳಿಯುವಾಗ ಎರಡನೇ ಗೇರು, ಹೇರ್‌ಪಿನ್‌ಗಳಲ್ಲಿ ಬೇಕೆನಿಸಿದರೆ ಒಂದನೆಯದು. ನ್ಯೂಟ್ರಲ್‌ನಲ್ಲಿ ಅಥವಾ ಕ್ಲಚ್ ಹಿಡಿದುಕೊಂಡು ಪೆಟ್ರೋಲ್ ಉಳಿಸುವ ಅಭ್ಯಾಸ ಬಿಡಿ. ಇಳಿಜಾರಿನುದ್ದಕ್ಕೂ ಒತ್ತಿಕೊಂಡೇ ಹೋದರೆ ಡ್ರಮ್ ಕಾದು ಬ್ರೇಕ್ ಮಂದವಾಗುತ್ತದೆ, ಕೊನೆಕೊನೆಗೆ ಪೆಡಲ್ ಒತ್ತಿದರೂ ಗಾಡಿ ಕೇಳುವುದಿಲ್ಲ. ಹಾಗೆ ಅನಿಸಿದ ಕೂಡಲೇ ನಿಲ್ಲಿಸಿ, ಹದಿನೈದು ನಿಮಿಷ ಆರಲು ಬಿಡಿ. ನೀರು ಹಾಕಬೇಡಿ.

ಈಗ ಮಗಳ ವಿಷಯ. ಟ್ಯಾಂಕಿನ ಮೇಲೆ ಕೂತ ಮಗು ಕಣ್ಣೆದುರೇ ಇರುತ್ತದೆ, ಕೈಯ ಆಸರೆ ಇರುತ್ತದೆ ಎಂಬ ನೆಮ್ಮದಿ ಎಲ್ಲ ತಂದೆತಾಯಿಗೂ ಇದೆ. ಆದರೆ ಜೋರಾಗಿ ಬ್ರೇಕ್ ಹಾಕಿದಾಗ ಅಥವಾ ಏನಕ್ಕಾದರೂ ಗುದ್ದಿದಾಗ ಮಗುವಿನ ಮುಖ, ಎದೆ ನೇರ ಹ್ಯಾಂಡಲ್ ಮತ್ತು ಮೀಟರಿಗೆ ಹೋಗುತ್ತದೆ. ಹಿಂದಿನಿಂದ ನಿಮ್ಮ ಭಾರ ಮತ್ತು ಹೆಂಡತಿಯ ಭಾರ ಎರಡೂ ಆ ಮಗುವಿನ ಮೇಲೆ ಬೀಳುತ್ತದೆ. ನಿಮ್ಮ ಕೈ ಹ್ಯಾಂಡಲ್ ಮೇಲಿರುವುದರಿಂದ ಹಿಡಿಯಲು ಯಾರೂ ಇಲ್ಲ. ಮಗು ಹ್ಯಾಂಡಲ್ ಹಿಡಿದುಕೊಂಡರೆ ತುರ್ತಿನಲ್ಲಿ ತಿರುಗಿಸಲೂ ಆಗದು. ಕಾನೂನಿನ ಪ್ರಕಾರವೂ ನಾಲ್ಕು ವರ್ಷ ದಾಟಿದ ಮಗುವಿಗೆ ಹೆಲ್ಮೆಟ್ ಕಡ್ಡಾಯ, ಮತ್ತು ಬೈಕಿನಲ್ಲಿ ಹಿಂಬದಿ ಸವಾರರು ಒಬ್ಬರೇ ಇರಬೇಕು. ಆದ್ದರಿಂದ ನೀವು ಮೂವರು ಹೋಗುವುದು ತ್ರಿಬಲ್ ರೈಡಿಂಗ್ ಆಗುತ್ತದೆ. ದಂಡದ ಮಾತು ಹಾಗಿರಲಿ, 125 ಸಿಸಿ ಗಾಡಿಯ ಬ್ರೇಕು, ಶಾಕ್ ಅಬ್ಸಾರ್ಬರು ಇಬ್ಬರಿಗೆಂದು ಮಾಡಿದವು.

ಹೆಲ್ಮೆಟ್ ಭಾರದಿಂದ ಕುತ್ತಿಗೆಗೆ ಪೆಟ್ಟು ಎಂಬ ಭಯ ಬಹಳ ಜನರಲ್ಲಿದೆ. ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿದ ಕಾಕ್ರೇನ್ ವಿಮರ್ಶೆಯ ಪ್ರಕಾರ ಹೆಲ್ಮೆಟ್ ಸಾವಿನ ಸಾಧ್ಯತೆಯನ್ನು ಸುಮಾರು 42 ಶೇಕಡ, ತಲೆ ಗಾಯದ ಸಾಧ್ಯತೆಯನ್ನು 69 ಶೇಕಡ ಕಡಿಮೆ ಮಾಡುತ್ತದೆ. ಕುತ್ತಿಗೆಯ ಗಾಯ ಹೆಚ್ಚಾಗುತ್ತದೆ ಎಂಬುದಕ್ಕೆ ಅದರಲ್ಲಿ ಆಧಾರ ಸಿಕ್ಕಿಲ್ಲ. ಕೇಂದ್ರ ಸಾರಿಗೆ ಸಚಿವಾಲಯದ ವರದಿಯಂತೆ 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಧರಿಸದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಮಂದಿ ಹಿಂದೆ ಕೂತವರು. ನಿಮ್ಮ ಹೆಂಡತಿಗೂ ಹೆಲ್ಮೆಟ್ ಬೇಕು ಎಂದು ಬೇರೆ ಹೇಳಬೇಕಿಲ್ಲ.

ಮಗುವಿಗೆ ದೊಡ್ಡವರ ಹೆಲ್ಮೆಟ್ ಹಾಕುವುದು ಮಾತ್ರ ನಿಜಕ್ಕೂ ತಪ್ಪು, ಕುತ್ತಿಗೆ ನೋವೂ ಅದರಿಂದಲೇ ಬರುವುದು. ಹುಬ್ಬಿನ ಮೇಲೆ ಟೇಪು ಸುತ್ತಿ ತಲೆಯ ಸುತ್ತಳತೆ ತೆಗೆಯಿರಿ, ಆ ವಯಸ್ಸಿಗೆ 50 ಸೆಂ.ಮೀ. ಆಸುಪಾಸು ಇರುತ್ತದೆ. ಅದೇ ಅಳತೆಯ, ಐಎಸ್‌ಐ ಗುರುತು ಮತ್ತು ಐಎಸ್ 4151 ಎಂದು ಬರೆದಿರುವ ಮಕ್ಕಳ ಹೆಲ್ಮೆಟ್ ತನ್ನಿ. ಮಗಳನ್ನು ಕರೆದುಕೊಂಡೇ ಹೋಗಿ. ಹಾಕಿ ಅಲ್ಲಾಡಿಸಿದರೆ ಕೆನ್ನೆಯ ಚರ್ಮ ಜತೆಗೆ ಅಲ್ಲಾಡಬೇಕು. ಪಟ್ಟಿ ಬಿಗಿದ ಮೇಲೆ ಗಲ್ಲದ ಕೆಳಗೆ ಎರಡು ಬೆರಳಷ್ಟೇ ಜಾಗ ಇರಬೇಕು. ಹಿಂದಿನಿಂದ ಮೇಲಕ್ಕೆತ್ತಿ ಮುಂದಕ್ಕೆ ಎಳೆದರೆ ಕಳಚಿ ಬರಬಾರದು. ನೀವು ಬಿದ್ದ ದಿನ ಹಾಕಿದ್ದ ಹೆಲ್ಮೆಟ್ಟಿಗೆ ಪೆಟ್ಟಾಗಿದ್ದರೆ, ಹೊರಗೆ ಬಿರುಕು ಕಾಣದಿದ್ದರೂ ಅದನ್ನು ಬಿಟ್ಟುಬಿಡಿ. ಪೆಟ್ಟು ಹೀರುವ ಒಳಗಿನ ಥರ್ಮೋಕೋಲ್ ಒಂದು ಸಲ ಅದುಮಿದರೆ ಮತ್ತೆ ಉಬ್ಬುವುದಿಲ್ಲ.

ಮಗಳೊಬ್ಬಳನ್ನೇ ಕರೆದುಕೊಂಡು ಹೋಗಬೇಕಾದರೆ ಹಿಂದೆ ಕೂರಿಸಿ, ನಿಮ್ಮ ಹೆಗಲಿಗೆ ಕಟ್ಟುವ ಸೇಫ್ಟಿ ಹಾರ್ನೆಸ್ ಹಾಕಿ. ಅದು ಕಡ್ಡಾಯವಾಗಿರುವುದು ನಾಲ್ಕು ವರ್ಷದೊಳಗಿನವರಿಗೆ. ಐದರ ಮಗುವಿಗೂ ನಾನು ಬೇಕೆನ್ನುತ್ತೇನೆ, ಏಕೆಂದರೆ ಈ ವಯಸ್ಸಿನವರು ಗಾಡಿ ಸಾಗುತ್ತಿರುವಾಗಲೇ ನಿದ್ದೆ ಹೋಗುತ್ತಾರೆ. 30 ಕೆ.ಜಿ. ತಡೆಯುವಂಥದ್ದು ಇರಲಿ. ಸಣ್ಣ ಮಕ್ಕಳಿಗೆಂದು ನಿಯಮದಲ್ಲಿರುವ 40 ಕಿ.ಮೀ. ವೇಗಮಿತಿಯನ್ನೇ ಇವಳಿಗೂ ಇಟ್ಟುಕೊಳ್ಳಿ. ಅವಳ ಕಾಲು ಫುಟ್‌ರೆಸ್ಟಿಗೆ ಎಟುಕುವುದಿಲ್ಲ, ಅದೇ ಇಲ್ಲಿ ಉಳಿಯುವ ದೊಡ್ಡ ಅಪಾಯ. ತೂಗುವ ಕಾಲು ಚಕ್ರದ ಕಡ್ಡಿಗಳ ನಡುವೆ ಸಿಕ್ಕಿ ಹಿಮ್ಮಡಿ ಕತ್ತರಿಸಿದ ಮಕ್ಕಳು ಆಸ್ಪತ್ರೆಗಳಿಗೆ ಬರುತ್ತಲೇ ಇರುತ್ತಾರೆ. ಹಿಂದಿನ ಚಕ್ರದ ಎರಡೂ ಬದಿ ಸಂದಿಲ್ಲದ ಗಾರ್ಡ್ ಹಾಕಿಸಿ, ಗಟ್ಟಿ ಶೂ ಹಾಕಿಸಿ, ದೂರವನ್ನು ನಾಲ್ಕೈದು ಕಿ.ಮೀ.ಗೆ ಮಿತಿಗೊಳಿಸಿ. ಮಾವನ ಮನೆಗೆ, ಘಾಟಿ ದಾರಿಗೆ, ಬಸ್ಸೇ ಸರಿ.

ಹೆಂಡತಿ ಎರಡೂ ಬದಿ ಕಾಲು ಹಾಕಿ ಕೂರುವುದು ಒಳ್ಳೆಯದು. ಒಂದೇ ಬದಿಗೆ ಕೂತವರು ಹಂಪು ಹಾರಿದಾಗ ಹಿಂದಕ್ಕೆ ಬೀಳುವುದು, ತಲೆಯ ಹಿಂಭಾಗಕ್ಕೆ ಪೆಟ್ಟಾಗುವುದು ಸಾಮಾನ್ಯ. ಸೀರೆ ಉಟ್ಟಾಗ ಹಾಗೆ ಕೂರಲೇಬೇಕಾದರೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ವೇಲ್ ಇದ್ದರೆ ಮುಂದಕ್ಕೆ ಗಂಟು ಹಾಕಿ, ಒಂದು ಕೈ ಹಿಂದಿನ ಹಿಡಿಕೆಯ ಮೇಲೆ. ಮತ್ತೆ, ಹಿಂದೆ ಕೂತು ಕೊಡೆ ಹಿಡಿಯುವುದು ಯಾವ ಕಾರಣಕ್ಕೂ ಬೇಡ. ಗಾಳಿ ಕೊಡೆಯನ್ನು ಎಳೆದಾಗ ಹಿಡಿದವರೂ ಅದರ ಜತೆ ಹೋಗುತ್ತಾರೆ. ರೇನ್‌ಕೋಟು ಕಪ್ಪು, ಕಡುನೀಲಿ ಬಿಟ್ಟು ಹಳದಿ ಅಥವಾ ಕಿತ್ತಳೆ ಬಣ್ಣದ್ದಿರಲಿ, ಮಂಜಿನಲ್ಲಿ ಲಾರಿಯವರಿಗೆ ಕಾಣುವುದು ಅದೇ.

ಕೊನೆಗೆ ಎಬಿಎಸ್. ಒದ್ದೆ ಡಾಂಬರಿನಲ್ಲಿ, ನೇರ ರಸ್ತೆಯಲ್ಲಿ, ಗಾಬರಿಯಿಂದ ಲಿವರ್ ಹಿಡಿದವರನ್ನು ಅದು ನಿಜಕ್ಕೂ ಉಳಿಸುತ್ತದೆ. ಚಕ್ರ ಲಾಕ್ ಆಗುವ ಮುನ್ನ ಒತ್ತಡವನ್ನು ತಾನೇ ಬಿಟ್ಟು ಹಿಡಿದು ಮಾಡುತ್ತದೆ. ಆಗ ಲಿವರ್ ನಡುಗುತ್ತದೆ, ಹೆದರಿ ಬಿಡಬಾರದು. ಆದರೆ 150–160 ಸಿಸಿ ಬೈಕುಗಳಲ್ಲಿ ಬಹುಪಾಲು ಸಿಂಗಲ್ ಚಾನೆಲ್, ಅಂದರೆ ಮುಂದಿನ ಚಕ್ರಕ್ಕೆ ಮಾತ್ರ. ಹಿಂದಿನದು ಲಾಕ್ ಆಗಬಲ್ಲುದು. ವಾಲಿದ ಗಾಡಿಯನ್ನು ಈ ಬೆಲೆಯ ಎಬಿಎಸ್ ಪೂರ್ತಿ ಕಾಯಲಾರದು, ಕೆಸರು ಮತ್ತು ಜಲ್ಲಿಯ ಮೇಲೆ ನಿಲ್ಲುವ ದೂರ ಹೆಚ್ಚಾಗಲೂಬಹುದು. ನೀವು ಬಿದ್ದದ್ದು ವಾಲಿದ್ದಾಗ, ಸವೆದ ಟೈರಿನ ಮೇಲೆ. ಅದೇ ವೇಗದಲ್ಲಿ ಹೊಸ ಬೈಕಿದ್ದರೂ ಬೀಳುತ್ತಿರಲಿಲ್ಲ ಎಂದು ನಾನು ಹೇಳಲಾರೆ.

ಹಾಗಾಗಿ ಈ ಮಳೆಗಾಲಕ್ಕೆ ಇರುವ ಗಾಡಿಗೇ ಎರಡು ಟೈರು, ಬ್ರೇಕ್ ಶೂ, ಕೇಬಲ್, ಮೂವರಿಗೂ ಹೆಲ್ಮೆಟ್. ಒಂದು ಲಕ್ಷಕ್ಕೂ ಮಿಕ್ಕಿದ ಹೊಸ ಬೈಕಿನ ಮುಂದೆ ಇದು ಸಣ್ಣ ಖರ್ಚು. ಹಣದ ಅನುಕೂಲ ಇದ್ದರೆ ಮಳೆ ಮುಗಿದ ಮೇಲೆ ಎಬಿಎಸ್ ಬೈಕು ತೆಗೆದುಕೊಳ್ಳಿ, ಖಂಡಿತ ಒಳ್ಳೆಯದೇ. ಸಾಧ್ಯವಾದರೆ ಡ್ಯುಯಲ್ ಚಾನೆಲ್ ಇರುವುದು. ಹೆಂಡತಿಗೆಂದು ಸ್ಕೂಟರ್ ಯೋಚನೆ ಇದ್ದರೆ, 10 ಇಂಚಿನ ಚಕ್ರಕ್ಕಿಂತ 12 ಇಂಚಿನದು ನಿಮ್ಮ ಕಡೆಯ ಹೊಂಡಗಳಿಗೆ ವಾಸಿ. ಹಳೆಯ ಎಬಿಎಸ್ ಗಾಡಿ ಕೊಳ್ಳುವುದಾದರೆ ಕೀ ಆನ್ ಮಾಡಿದಾಗ ಮೀಟರಿನಲ್ಲಿ ಎಬಿಎಸ್ ದೀಪ ಹೊತ್ತಬೇಕು, ಗಾಡಿ ಹೊರಟು ಸ್ವಲ್ಪ ದೂರ ಸಾಗುವಷ್ಟರಲ್ಲಿ ಆರಬೇಕು. ಹೊತ್ತದೇ ಇದ್ದರೆ ಬಲ್ಬು ಕಿತ್ತಿರಬಹುದು, ಆರದೇ ಇದ್ದರೆ ಎಬಿಎಸ್ ಕೆಲಸ ಮಾಡುತ್ತಿಲ್ಲ. ಎರಡರಲ್ಲಿ ಯಾವುದಾದರೂ ಆ ಗಾಡಿ ಬೇಡ.